ನನ್ನ ಅಕ್ಷರದಲ್ಲಿ ಶ್ರೀಪತಿ

ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ನಾನು ಪುಸ್ತಕದ ಕಪಾಟು ಒರೆಸುತ್ತೇನೆ. ಮೇಲಿನ ಹಲಗೆ ಮೊದಲು, ಕೆಳಗಿನದು ಕೊನೆಗೆ. ಈ ಕ್ರಮ ತಪ್ಪಿದರೆ ಮೇಲಿನ ಧೂಳು ಕೆಳಗೆ ಬಿದ್ದು ಎರಡೆರಡು ಕೆಲಸವಾಗುತ್ತದೆ ಎಂದು ಮನೆಯವರಿಗೆ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಇರಲಿ. ಇವತ್ತು ಮೂರನೆಯ ಹಲಗೆಯ ಹಿಂದೆ ಬಿದ್ದಿದ್ದ ಒಂದು ಕಡತವನ್ನು ಎಳೆದಾಗ ಹಳೆಯ ಗೋಂದಿನ ವಾಸನೆ ಬಂತು. ಆ ವಾಸನೆ ನಿಮಗೂ ನೆನಪಿರಬೇಕು, ಹುಳಿ ಬಂದ ಗಂಜಿಯಂಥದು. ನಾನು ಸ್ಟೂಲಿನ ಮೇಲೆ ಕೂತೆ. ಈಗ ಹನ್ನೊಂದೂಕಾಲು. ನಾಲ್ಕನೆಯ ಹಲಗೆ ಹಾಗೇ ಇದೆ.

ಕಡತದೊಳಗೆ ಇದ್ದದ್ದು ನಮ್ಮ ಕೈಬರಹದ ಮಾಸಪತ್ರಿಕೆಯ ಒಂದು ಸಂಚಿಕೆ. ಎಂಬತ್ತರ ದಶಕದ ನಡುವಿನಲ್ಲಿ ಬ್ಯಾಂಕು ನನ್ನನ್ನು ವಿಜಯವಾಡದ ಒನ್ ಟೌನ್ ಶಾಖೆಗೆ ವರ್ಗ ಮಾಡಿತ್ತು. ಊರಿನಲ್ಲಿ ಮೂವತ್ತು ಮೂವತ್ತೈದು ಕನ್ನಡದ ಮನೆಗಳು. ಹೆಚ್ಚಿನವರು ನನ್ನ ಹಾಗೆ ಬ್ಯಾಂಕಿನವರು. ಮಕ್ಕಳು ಆಗಲೇ ತೆಲುಗಿನಲ್ಲಿ ಜಗಳವಾಡತೊಡಗಿದ್ದರು. ಕನ್ನಡ ಮರೆಯಬಾರದೆಂದು ಒಂದು ಪತ್ರಿಕೆ ಮಾಡಿದೆವು. ಅಚ್ಚು ಹಾಕಿಸುವ ತ್ರಾಣ ಇರಲಿಲ್ಲ. ಎಲ್ಲರೂ ಬರೆದುಕೊಟ್ಟದ್ದನ್ನು ನಾನು ದುಂಡಗಿನ ಅಕ್ಷರದಲ್ಲಿ ಪ್ರತಿ ಮಾಡಿ, ಗೋಂದು ಹಚ್ಚಿ, ದಾರ ಕಟ್ಟಿ ಮನೆಯಿಂದ ಮನೆಗೆ ಕಳಿಸುತ್ತಿದ್ದೆ. ಇದ್ದದ್ದು ಒಂದೇ ಪ್ರತಿ. ಸಂಪಾದಕನೂ ನಾನೇ, ಲಿಪಿಕಾರನೂ ನಾನೇ.

ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ. ಬ್ಯಾಂಕಿನ ಸುತ್ತೋಲೆಯ ಮಾದರಿಯಲ್ಲೇ ಮಾಡಿದ್ದೆ: ಹೆಸರು, ತಾರೀಖು, ಅಭಿಪ್ರಾಯ, ಸಹಿ. ಒಂದೊಂದು ಮನೆಯಲ್ಲಿ ಒಂದೊಂದು ದಿನ. ತಪ್ಪು ನನ್ನದೇ. ಬ್ಯಾಂಕಿನವನಿಗೆ ತನ್ನ ಹೆಸರಿನ ಮುಂದೆ ಖಾಲಿ ಮನೆ ಕಂಡರೆ ಸಹಿ ಹಾಕದೆ ಇರಲಾಗದು. ಸಹಿ ಹಾಕಿದ ಮೇಲೆ ಓದಲೇಬೇಕೆಂಬ ನಿಯಮವೂ ಅವನಲ್ಲಿಲ್ಲ. 'ನೋಡಿದೆ', 'ನೋಡಿದೆ', 'ನೋಡಿದೆ' ಎಂದು ಪಟ್ಟಿ ತುಂಬಿ ಬರುತ್ತಿತ್ತು. ಒಮ್ಮೆ ಒಬ್ಬರು ಎರಡು ಹಾಳೆ ಅಂಟಿಕೊಂಡಿದ್ದನ್ನು ಬಿಡಿಸದೆಯೇ 'ಲೇಖನ ಚಿಂತನೀಯ' ಎಂದು ಬರೆದಿದ್ದರು. ಅಂಟಿದ್ದ ಹಾಳೆಗಳ ನಡುವೆ ಇದ್ದದ್ದು ನನ್ನ ಲೇಖನ.

ನಾನೂ ಬರೆಯುತ್ತಿದ್ದೆ ಎನ್ನುವುದನ್ನು ಇಷ್ಟು ತಡವಾಗಿ ಹೇಳಬೇಕಾಗಿರಲಿಲ್ಲ. ನಾಲ್ಕೂವರೆಗೆ ಏಳುವುದು, ಸ್ನಾನ, ಐದೂಕಾಲರಿಂದ ಆರೂಕಾಲರವರೆಗೆ ಒಂದು ಪುಟ. ಜ್ವರ ಬಂದ ದಿನ ಅರ್ಧ ಪುಟ. ತಿಂಗಳಿಗೊಂದು ಪ್ರಬಂಧ ಮುಗಿಸಿ ಬೆಂಗಳೂರಿನ ಒಂದು ವಾರಪತ್ರಿಕೆಗೆ ಕಳಿಸುತ್ತಿದ್ದೆ. ಅವರೂ ಅಷ್ಟೇ ಕ್ರಮಬದ್ಧವಾಗಿ ವಾಪಸು ಕಳಿಸುತ್ತಿದ್ದರು. ವಿಷಾದದ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದೆ. ನನ್ನ ಹೆಂಡತಿ ಕಮಲ ಒಮ್ಮೆ ಹೇಳಿದಳು: "ನೀವು ಬರ್ದಿದ್ರಲ್ಲಿ ಎಲ್ಲಾ ಸರಿಯಾಗಿರತ್ತೆ ರೀ. ಅದೇ ತೊಂದ್ರೆ." ನಾನು ಎರಡು ದಿನ ಅವಳೊಂದಿಗೆ ಮಾತಾಡಲಿಲ್ಲ.

ಶ್ರೀಪತಿ ನಮ್ಮ ಶಾಖೆಗೆ ಗುಮಾಸ್ತನಾಗಿ ಬಂದದ್ದು ಪತ್ರಿಕೆ ಶುರುವಾದ ವರ್ಷವೇ. ಮೂವತ್ತರ ಆಸುಪಾಸು, ಉದ್ದ ಕಾಲು, ಬೆಳ್ಳಗಿನ ಹಲ್ಲು. ಭವಾನಿಪುರಂನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಪ್ರತಿದಿನ ಎಂಟು ನಿಮಿಷ ತಡ. ಹತ್ತು ನಿಮಿಷವಾಗಿದ್ದರೆ ಕಾರಣ ಬರೆದುಕೊಡಿ ಎನ್ನಬಹುದಿತ್ತು, ಎಂಟಕ್ಕೆ ಏನೂ ಮಾಡುವ ಹಾಗಿರಲಿಲ್ಲ. ಕಚೇರಿಯಲ್ಲಿ ಅವನನ್ನು ಬಹುವಚನದಲ್ಲೇ ಕರೆಯುತ್ತಿದ್ದೆ. ಮನಸ್ಸಿನಲ್ಲಿ ಏಕವಚನ. ಹೊಟ್ಟೆಕಿಚ್ಚಿಗೆ ಬಹುವಚನ ಒಗ್ಗುವುದಿಲ್ಲ.

ಅವನು ಬಂದ ವಾರವೇ ಕೌಂಟರಿನ ಮುಂದೆ ಗುಂಪು ಸೇರತೊಡಗಿತು. ಮೆಣಸಿನಕಾಯಿಯ ಸಗಟು ವ್ಯಾಪಾರಿಯ ತಾಯಿ ಒಬ್ಬರು ಜಾಲರಿಯೊಳಕ್ಕೆ ಕೈ ತೂರಿಸಿ ಅವನ ಗಲ್ಲ ಮುಟ್ಟಿ, "ನುವ್ವು ಆ ಪಿಲ್ಲಾಡಿವೇ ಕದಾ ನಾಯನಾ?" ಎಂದರು. ನೀನು ಆ ಹುಡುಗನೇ ಅಲ್ಲವೇನಪ್ಪ ಎಂದು. ಹೌದು, ಅವನು ಆ ಹುಡುಗನೇ. ಕೋಲಾರದ ಕಡೆಯವನು. ಅಪ್ಪ ಆರನೆಯ ವಯಸ್ಸಿಗೇ ಮದರಾಸಿಗೆ ಕರೆದೊಯ್ದು ತೆಲುಗು ಸಿನಿಮಾಕ್ಕೆ ಸೇರಿಸಿದ್ದರು. ತೆರೆಯ ಮೇಲೆ ಮಾಸ್ಟರ್ ಗುಂಡಣ್ಣ. ಒಂದು ಚಿತ್ರದಲ್ಲಿ ತಾಯಿಗೆ ಔಷಧ ತರಲು ಹೋಗಿ ಹೊಳೆಯ ಪಾಲಾಗುವ ಹುಡುಗ. ಹೊರಡುವ ಮುಂಚೆ ಬಾಗಿಲಲ್ಲಿ ತಿರುಗಿ ನಿಂತು, "ಅಮ್ಮಾ, ನೇನು ವಸ್ತಾನುಗಾ" ಎನ್ನುತ್ತಾನಂತೆ. ಬಂದೇ ಬರುತ್ತೇನಲ್ಲ ಅಮ್ಮ ಎಂದು. ಆಂಧ್ರದ ತಾಯಂದಿರೆಲ್ಲ ಅತ್ತಿದ್ದರು. ಹನ್ನೆರಡಕ್ಕೆ ಅವನು ಉದ್ದ ಬೆಳೆದ, ಸಿನಿಮಾ ಮುಗಿಯಿತು.

ಜನ ಅದೇ ಮಾತು ಹೇಳೆಂದು ಪೀಡಿಸುತ್ತಿದ್ದರು. ಅವನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ನಾನೇ ಕೇಳಿದೆ, "ಏನ್ರೀ ಶ್ರೀಪತಿ, ಅಷ್ಟು ದೊಡ್ಡ ನಟ, ಒಂದು ಸಾಲು ಸರಿಯಾಗಿ ಹೇಳಕ್ಕಾಗಲ್ವಾ?"

"ಆ ದನಿ ನಂದಲ್ಲ ಸಾರ್," ಎಂದ. "ನಾನು ಬರೀ ಬಾಯಾಡ್ಸಿದ್ದು. ಆಮೇಲೆ ಒಬ್ಬ ಹೆಂಗಸು ಸ್ಟುಡಿಯೋದಲ್ಲಿ ನಿಂತ್ಕೊಂಡು ಹೇಳ್ತಿದ್ರು. ಹುಡುಗರ ದನಿಗೆಲ್ಲಾ ಅವರೇ. ಎಲೆ ಅಡಿಕೆ ಹಾಕ್ತಿದ್ರು. ಎಂಟು ಸಿನಿಮಾ ಮಾಡಿದ್ದೀನಿ ಸಾರ್, ಒಂದ್ರಲ್ಲೂ ನನ್ನ ದನಿ ಇಲ್ಲ."

ಹೇಳಿ ಮೊಸರನ್ನದ ಡಬ್ಬಿ ತೆರೆದ. ನಾನು ನನ್ನ ಡಬ್ಬಿ ಮುಚ್ಚಿದೆ, ಒಂದೂಮುಕ್ಕಾಲಾಗಿತ್ತು.

ಒಂದು ಶನಿವಾರ ಅವನು ಮೇಜಿನ ಮೇಲೆ ನಾಲ್ಕು ಹಾಳೆ ಇಟ್ಟ. ರದ್ದಾದ ಹಳೆಯ ಫಾರಂಗಳ ಹಿಂಬದಿಯಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬರೆದದ್ದು. ಮಾರ್ಜಿನ್ ಇಲ್ಲ, ಅಕ್ಷರ ಕಾಗೆ ಕಾಲು. "ನಮ್ಮ ಪತ್ರಿಕೆಗೆ ಆಗತ್ತಾ ನೋಡಿ ಸಾರ್. ಒಂದೇ ಕೋರಿಕೆ. ಶ್ರೀಪತಿ ಅಂತ ಅಷ್ಟೇ ಹಾಕಿ. ಸಿನಿಮಾ ವಿಷಯ ಬೇಡ. ಅದಿದ್ರೆ ಯಾರೂ ಇದನ್ನ ಓದಲ್ಲ."

ಮನೆಗೆ ಒಯ್ದು ಬೆಳಿಗ್ಗೆ ಐದೂಕಾಲಕ್ಕೆ ನನ್ನ ಪುಟ ಬರೆಯುವ ಬದಲು ಅದನ್ನು ಓದಿದೆ. ಪಿಂಚಣಿ ಪಡೆಯಲು ಬರುವ ಮುದುಕಿಯರು ಹೆಬ್ಬೆಟ್ಟು ಒತ್ತುತ್ತಾರೆ. ಒತ್ತಿದ ಮೇಲೆ ಮಸಿ ಹತ್ತಿದ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಾರೆ. ಅಷ್ಟೇ ವಿಷಯ. ವರ್ಷಾನುಗಟ್ಟಲೆ ಒತ್ತೀ ಒತ್ತೀ ಒಬ್ಬಾಕೆಯ ನರೆತ ಕೂದಲಲ್ಲಿ ಬಲಗಡೆ ಒಂದು ನೀಲಿ ಎಳೆ ಉಳಿದುಬಿಟ್ಟಿದೆ. ಓದು ಬಾರದ ಆಕೆ ತನ್ನ ಸಹಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ಹೋಗುತ್ತಾಳೆ ಎಂದು ಬರೆದಿದ್ದ.

ಬ್ಯಾಂಕಿನಲ್ಲಿ ಅಷ್ಟು ವರ್ಷ ಅಂಥ ಹೆಂಗಸರ ಮುಂದೆಯೇ ಕೂತವನು ನಾನು. ಇಂಕ್ ಪ್ಯಾಡನ್ನು ಅವರತ್ತ ಸರಿಸಿದವನು ನಾನು. ಅವರು ತಲೆ ಮುಟ್ಟಿಕೊಳ್ಳುವುದನ್ನು ಕಂಡು, ಹೇನಿರಬೇಕು ಎಂದುಕೊಂಡವನೂ ನಾನೇ.

ಅಂದು ವಾಕಿಂಗ್ ಹೋಗಲಿಲ್ಲ. ಅವನಿಗೆ ಸಿನಿಮಾ ಸಿಕ್ಕಿತ್ತು, ಊರೆಲ್ಲ ಅಳುವಂತೆ ಸಾಯುವುದು ಸಿಕ್ಕಿತ್ತು, ಗಲ್ಲ ಮುಟ್ಟುವ ತಾಯಂದಿರು ಸಿಕ್ಕಿದ್ದರು. ಇದೊಂದನ್ನಾದರೂ ಬಿಟ್ಟಿರಬಾರದಾಗಿತ್ತೇ ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ನೋಡಿದ್ದಾನೆಯೇ ಅವನು ಒಂದು ದಿನ?

ಮಾರನೆಯ ದಿನ ಪ್ರತಿ ಮಾಡಲು ಕೂತೆ. ಇದು ವಿಚಿತ್ರ ಹಿಂಸೆ, ಕೇಳಿ. ಅವನ ಒಂದೊಂದು ವಾಕ್ಯವೂ ನನ್ನ ದುಂಡು ಅಕ್ಷರದಲ್ಲಿ, ನನ್ನ ಶಾಯಿಯಲ್ಲಿ, ನಾನು ಸ್ಕೇಲಿಟ್ಟು ಎಳೆದ ಗೆರೆಯ ಮೇಲೆ ಮೂಡುತ್ತಿತ್ತು. ದೂರ ಹಿಡಿದು ನೋಡಿದರೆ ನಾನೇ ಬರೆದ ಹಾಗಿತ್ತು. ಹತ್ತಿರ ತಂದರೆ ಅಲ್ಲ. ಕೊನೆಯ ಸಾಲು ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದೆ. ಶೀರ್ಷಿಕೆಯ ಕೆಳಗೆ 'ಶ್ರೀಪತಿ' ಎಂದು ಬರೆದೆ. ಲೇಖನಿ ಎತ್ತಲಿಲ್ಲ. ಅದರ ಕೆಳಗೆ ಬರೆದೆ: 'ಕಣ್ಣೀರು ತರಿಸಿದ ಬಾಲನಟ ಮಾಸ್ಟರ್ ಗುಂಡಣ್ಣ, ನಮ್ಮ ಪತ್ರಿಕೆಗಾಗಿ!'

ಓದುಗರಿಗೆ ಲೇಖಕರ ಪರಿಚಯ ಮಾಡಿಕೊಡುವುದು ಸಂಪಾದಕನ ಕರ್ತವ್ಯ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಕರ್ತವ್ಯದಲ್ಲಿ ಎಂದೂ ಹಿಂದೆ ಬಿದ್ದವನಲ್ಲ.

ಮೂವತ್ತೆರಡು ಮನೆ ಸುತ್ತಿ ಪತ್ರಿಕೆ ಬಂತು. ಆ ಸಲ ಪಟ್ಟಿಯಲ್ಲಿ ಬರೀ 'ನೋಡಿದೆ' ಇರಲಿಲ್ಲ. 'ನೀವು ಹೊಳೆಗೆ ಬಿದ್ದಾಗ ನಮ್ಮಮ್ಮ ಎರಡು ದಿನ ಊಟ ಬಿಟ್ಟಿದ್ದರು.' 'ದಯವಿಟ್ಟು ಸಿನಿಮಾ ಅನುಭವ ಬರೆಯಿರಿ.' 'ನಮ್ಮ ಪುಟ್ಟಿಯ ಹುಟ್ಟುಹಬ್ಬಕ್ಕೆ ಬಂದು ಆ ಡೈಲಾಗ್ ಹೇಳಬೇಕು.' ಹೆಬ್ಬೆಟ್ಟಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಶ್ರೀಪತಿ ಅದನ್ನು ಕೌಂಟರಿನಲ್ಲಿ ನಿಂತೇ ಓದಿದ. ಮೊದಲ ಪುಟವನ್ನು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಕಾದೆ, ಬೈದಿದ್ದರೆ ಉತ್ತರ ಸಿದ್ಧವಿತ್ತು.

"ಅಕ್ಷರ ಬಹಳ ಚೆನ್ನಾಗಿದೆ ಸಾರ್," ಎಂದ. ಕಡತದ ದಾರ ಕಟ್ಟಿ ನನ್ನ ಕೈಗೆ ಕೊಟ್ಟ. "ಮೊದಲ್ನೇ ಸಲ ನಾನೇ ಮಾತಾಡಿದ್ದೆ. ಇವರಿಗೆ ಕೇಳ್ಸಿದ್ದು ಮತ್ತೆ ಆ ಹುಡುಗನೇ."

ಆಮೇಲೆ ಅವನು ಪತ್ರಿಕೆಗೆ ಏನೂ ಕೊಡಲಿಲ್ಲ. ಕೌಂಟರಿನಲ್ಲಿ ಬರೆಯುವುದೂ ನಿಂತಿತು. ಬಿಡುವಿನಲ್ಲಿ ಸುಮ್ಮನೆ ಬಾಗಿಲು ನೋಡುತ್ತ ಕೂತಿರುತ್ತಿದ್ದ. ನಿಜ ಹೇಳುತ್ತೇನೆ, ಮೊದಲ ತಿಂಗಳು ನನಗೆ ಹಾಯೆನಿಸಿತು. ಎರಡನೆಯ ತಿಂಗಳಿನಿಂದ ಅವನು ಎಂಟು ನಿಮಿಷ ತಡವಾಗಿ ಬರುವುದನ್ನೂ ಬಿಟ್ಟು ಸರಿಯಾದ ಹೊತ್ತಿಗೆ ಬರತೊಡಗಿದ. ಅದನ್ನು ಮಾತ್ರ ನೋಡಲಾಗುತ್ತಿರಲಿಲ್ಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಉಕ್ಕಿನ ಕಾರ್ಖಾನೆಯ ಕನ್ನಡಿಗರು, ಬಂದರಿನವರು, ನಾವು ಬ್ಯಾಂಕಿನವರು. ಬೆಂಗಳೂರಿನ ವಾರಪತ್ರಿಕೆ ನಾಲ್ಕು ದಿನ ತಡವಾಗಿ ಬರುತ್ತಿತ್ತು. ಒಂದು ವಾರ ಅದರ ಹನ್ನೆರಡನೆಯ ಪುಟದಲ್ಲಿ ಒಂದು ಕಥೆ. ಕೆಳಗೆ 'ಶ್ರೀಪತಿ, ವಿಜಯವಾಡ'. ಅಷ್ಟೇ. ಅದೇ ಟಪಾಲಿನಲ್ಲಿ ನನ್ನ ಪ್ರಬಂಧವೂ ವಿಷಾದದ ಚೀಟಿಯೊಂದಿಗೆ ಬಂದಿತ್ತು. ಕಮಲ ಎರಡನ್ನೂ ನೋಡಿ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿಕೊಟ್ಟಳು. ನಾನು ಕಥೆಯನ್ನು ಓದಿದೆ. ಒಂದು ತಪ್ಪಾದರೂ ಸಿಗಲೆಂದು ಎರಡನೆಯ ಸಲ ಓದಿದೆ. ಸಿಕ್ಕಿತು, ಅದು ಅಚ್ಚಿನವರದು.

ಮುಂದೆ ವರ್ಷಕ್ಕೆ ಮೂರು ನಾಲ್ಕು ಕಥೆ ಬರತೊಡಗಿದವು. ಒಂದು ಕಾರ್ತಿಕದಲ್ಲಿ ಅವನು ಬ್ಯಾಂಕಿನ ತರಬೇತಿಗೆಂದು ವಿಶಾಖಪಟ್ಟಣಕ್ಕೆ ಬಂದ. ಸಂಘದ ಕಾರ್ಯದರ್ಶಿ ಹೆಗಡೆ, ಕಾರ್ಖಾನೆಯ ಇಂಜಿನಿಯರು, ನನಗೆ ಫೋನು ಮಾಡಿದರು: "ವನಭೋಜನಕ್ಕೆ ಅವರನ್ನ ಕರೆದಿದ್ದೇವೆ ಮಾರಾಯ್ರೇ. ನೀವು ಒಟ್ಟಿಗೆ ಕೆಲಸ ಮಾಡಿದವರಲ್ವಾ? ಪರಿಚಯ ಮಾಡಿಕೊಡಬೇಕು."

ಋಷಿಕೊಂಡದ ಮರಳಿನ ಪಕ್ಕದಲ್ಲಿ, ಗಾಳಿಮರಗಳ ನೆರಳಲ್ಲಿ ಜಮಖಾನ ಹಾಸಿದ್ದರು. ಬಿಸಿಬೇಳೆಬಾತಿನ ಪಕ್ಕದಲ್ಲಿ ಪುಳಿಹೋರ. ನಾನು ಮೂರು ಸಲ ತಿದ್ದಿದ ಪರಿಚಯವನ್ನು ಓದಿದೆ. ಅದರಲ್ಲಿ ಸಿನಿಮಾ ಎಂಬ ಶಬ್ದವೇ ಇರಲಿಲ್ಲ. ಕೊನೆಗೆ 'ಕಥೆಗಾರ ಶ್ರೀಪತಿ' ಎಂದೆ. ಹಳೆಯ ತಪ್ಪನ್ನು ತಿದ್ದಿದೆನೆಂದು ಎದೆಯುಬ್ಬಿಸಿ ಕೂತೆ.

ಕೂತದ್ದೇ ತಡ, ಹಿಂದಿನಿಂದ ಒಬ್ಬ ಅಜ್ಜಿ, "ಅಲ್ಲಪ್ಪಾ, ನೀನು ಆ ಹೊಳೆಗೆ ಬಿದ್ದ ಹುಡ್ಗ ಅಲ್ವೇ?" ಎಂದರು.

ನಾನು ಪರಿಚಯದ ಹಾಳೆಯನ್ನು ನಾಲ್ಕಾಗಿ ಮಡಚಿದೆ. ಶ್ರೀಪತಿ ನಕ್ಕ. "ಹೌದಮ್ಮ, ನಾನೇ. ಈಜು ಕಲ್ತ್ಕೊಂಡು ಎದ್ದು ಬಂದೆ." ಆಮೇಲೆ ಯಾರೂ ಕೇಳದೆಯೇ, ತನ್ನ ದಪ್ಪ ಗಂಡು ದನಿಯಲ್ಲಿ, "ಅಮ್ಮಾ, ನೇನು ವಸ್ತಾನುಗಾ" ಎಂದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಗು ಇಳಿಯುವವರೆಗೆ ನಿಂತು, ಜೇಬಿನಿಂದ ಹಾಳೆ ತೆಗೆದು ಹೆಬ್ಬೆಟ್ಟಿನ ಪ್ರಬಂಧ ಓದಿದ. ಯಾರೂ ಎಲೆ ಎತ್ತಲಿಲ್ಲ. ಮುಗಿದ ಮೇಲೆ ಅದೇ ಅಜ್ಜಿ ಮೆಲ್ಲಗೆ, "ನಮ್ಮತ್ತೇನೂ ಹಂಗೇ ಒರೆಸ್ಕೊಳ್ತಿದ್ರು," ಎಂದರು.

ಅವನಿಗೆ ನನ್ನ ಪ್ರಾಯಶ್ಚಿತ್ತವೂ ಬೇಕಾಗಿರಲಿಲ್ಲ ನೋಡಿ. ಅದಕ್ಕೂ ಹೊಟ್ಟೆ ಉರಿಯಿತು.

ಸಂಜೆ ಬಸ್ಸಿಗೆ ಕಾಯುವಾಗ ಹೇಳಿಬಿಟ್ಟೆ. "ಶ್ರೀಪತಿ, ಅವತ್ತು ಆ ಸಾಲು ನಾನು ಬೇಕಂತಲೇ ಹಾಕಿದ್ದು."

"ಗೊತ್ತಿತ್ತು ಸಾರ್. ಇಡೀ ಪತ್ರಿಕೇಲಿ ಆ ಒಂದು ಸಾಲು ಮಾತ್ರ ಓರೆಯಾಗಿತ್ತು." ಬಸ್ಸಿನ ದಾರಿ ನೋಡುತ್ತ ಕೇಳಿದ, "ನಂಗೆ ಅದಲ್ಲ ಸಾರ್ ಬೇಜಾರಾಗಿದ್ದು. ಪಟ್ಟೀಲಿ ನಿಮ್ಮ ಹೆಸರಿನ ಮುಂದೆ ಖಾಲಿ ಇತ್ತು. ನೀವು ಓದಿದ್ರಾ?"

"ಪ್ರತಿ ಮಾಡಿದವನು ಓದದೆ ಇರ್ತಾನೇನ್ರೀ?"

"ಅದು ಬೇರೆ, ಇದು ಬೇರೆ ಸಾರ್," ಎಂದ. ಬಸ್ಸು ಬಂತು.

ಈಗ ಸ್ಟೂಲಿನ ಮೇಲೆ ಕೂತು ಆ ಓರೆ ಸಾಲನ್ನು ನೋಡುತ್ತಿದ್ದೇನೆ. ನಿಜ, ಓರೆಯೇ. ಸ್ಕೇಲಿಟ್ಟು ಅದರ ಮೇಲೆ ಒಂದು ಗೆರೆ ಎಳೆದೆ. ಹೊಡೆದ ಸಾಲಿನ ಕೆಳಗೆ ಹೆಬ್ಬೆಟ್ಟಿನ ಪ್ರಬಂಧ ಶುರುವಾಗುತ್ತದೆ. ಈ ಸಲ ತಪ್ಪು ಹುಡುಕದೆ ಓದಿದೆ. ಓದಿ ಮುಗಿಸಿ ಕೊನೆಯ ಹಾಳೆ ತಿರುವಿದೆ. ಪಟ್ಟಿಯ ಮೊದಲ ಹೆಸರು ಸಂಪಾದಕನದು. ತಾರೀಖಿನ ಮನೆ ಖಾಲಿ, ಅಭಿಪ್ರಾಯದ ಮನೆ ಖಾಲಿ, ಸಹಿಯ ಮನೆ ಖಾಲಿ. ಲೇಖನಿಗೆ ಶಾಯಿ ತುಂಬಿ, ಇವತ್ತಿನ ತಾರೀಖು ಹಾಕಿ ಬರೆದೆ: 'ಓದಿದೆ. ಇದನ್ನು ನಾನು ಬರೆಯಬೇಕಾಗಿತ್ತು.' ಕೆಳಗೆ ಸಹಿ ಮಾಡಿದೆ.

ಹಳೆಯ ಲೇಖನಿ, ಕಾರಿತು. ಹೆಬ್ಬೆಟ್ಟಿಗೆಲ್ಲ ಶಾಯಿ. ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು, ಆದರೆ ಅದು ಕಪಾಟಿನದು. ಬೆರಳನ್ನು ತಲೆಗೆ ಒರೆಸಿಕೊಂಡು ನಾಲ್ಕನೆಯ ಹಲಗೆಗೆ ಎದ್ದೆ.