ನೀಲಕ್ಕ ಫೋನಿನಲ್ಲಿ ಹೇಳಿದ್ದು

ನೀಲಕ್ಕ, ಗ್ಯಾಸಿನ ವಾಸನೆ ಬರುತ್ತಿದೆ ಎಂದು ನೀವು ಫೋನಿನಲ್ಲಿ ಹೇಳಿದ್ದು ನನಗೇ. ಅದನ್ನು ಬರೆದುಕೊಳ್ಳದೆ ನಿಮ್ಮ ಹೆಸರಿನ ಮುಂದೆ ಐದಕ್ಕೆ ಐದು ಅಂಕ ಒತ್ತಿದವಳೂ ನಾನೇ. ಮೂರು ವರ್ಷ ಈ ಮಾತನ್ನು ನುಂಗಿಕೊಂಡು ಕೂತಿದ್ದೆ — ಉಂಡೆ, ತಿಂದೆ, ಹಬ್ಬಕ್ಕೆ ಹೊಸ ಸೀರೆಯನ್ನೂ ಉಟ್ಟೆ.

ನಿಮಗೆ ಸಿಲಿಂಡರ್ ಕೊಡುವ ಗ್ಯಾಸ್ ಏಜೆನ್ಸಿಯಲ್ಲೇ ನಾನು ಕೆಲಸಕ್ಕಿದ್ದೆ. ಸಿಲಿಂಡರ್ ಮನೆಗೆ ಮುಟ್ಟಿದ ಮೇಲೆ ಗ್ರಾಹಕರ ಮೊಬೈಲಿಗೆ ಒಂದು ಲಿಂಕ್ ಹೋಗುತ್ತಿತ್ತು. ಸೇವೆ ಹೇಗಿದೆ, ಐದರಲ್ಲಿ ಎಷ್ಟು ಅಂಕ ಎಂದು. ಗ್ಯಾಸ್ ಕಂಪನಿಯವರು ಏಜೆನ್ಸಿಯನ್ನು ಅಳೆಯುತ್ತಿದ್ದುದು ಆ ಅಂಕದಿಂದಲೇ. ನಿಮ್ಮ ಯರಗುಪ್ಪಿಯಂಥ ಊರಲ್ಲಿ ಆ ಲಿಂಕ್ ತೆರೆಯುವ ಮೊಬೈಲ್ ಇರುವುದು ಗಂಡಸರ ಕಿಸೆಯಲ್ಲಿ. ಜನ್ಮದಲ್ಲಿ ಒಲೆ ಹಚ್ಚದವರು ಬಸ್‌ಸ್ಟ್ಯಾಂಡಿನಲ್ಲಿ ಕೂತು ಅಂಕ ಕೊಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಮನೆಯಲ್ಲಿರುವ ಸಾದಾ ಫೋನಿಗೆ ಕರೆ ಹಚ್ಚಿ ಅಡುಗೆ ಮಾಡುವವರನ್ನೇ ಕೇಳೋಣ, ಅದೂ ಇಲ್ಲದವರಿಗೆ ಟಪಾಲಿನಲ್ಲಿ ಕಾರ್ಡ್ ಕಳಿಸೋಣ ಎಂದು ಮಾಲಕರ ಬೆನ್ನು ಬಿದ್ದು ಒಪ್ಪಿಸಿದವಳು ನಾನು. ಹೌದು, ನಾನೇ — ಅದಕ್ಕೇ ಇದು ಇನ್ನೂ ಕಹಿ.

ಕಾರ್ಡುಗಳು ಅಷ್ಟಾಗಿ ತಿರುಗಿ ಬರಲಿಲ್ಲ. ಫೋನಿನಲ್ಲಿ ಮಾತ್ರ ಹೆಂಗಸರು ಬಾಯಿ ಬಿಟ್ಟರು. ಪೈಪ್ ಸೀಳಿದೆ, ರೆಗ್ಯುಲೇಟರ್ ಸಡಿಲಾಗಿದೆ, ರಿಪೇರಿ ಮಿಸ್ತ್ರಿ ಬರುವುದೇ ಇಲ್ಲ... ಅಂಕ ಇಳಿದವು. ಮಾಲಕರು ಒಳಗೆ ಕರೆದರು.

“ಫೋನ್ ಶುರು ಮಾಡಿದಾಗಿಂದ ನಮ್ಮ ಮಾರ್ಕ್ಸ್ ಬಿದ್ದಾವು. ಹಿಂಗ ಆದ್ರ ಫೋನೂ ಬ್ಯಾಡ, ನೀನೂ ಬ್ಯಾಡ ನೋಡವಾ.”

ಅಂದಿನಿಂದ ಕೇಳುವ ರೀತಿಯನ್ನೇ ಬದಲಿಸಿದೆ. ಏನು ತೊಂದರೆ ಇದೆ ಎನ್ನುವುದನ್ನು ಬಿಟ್ಟು, ಎಲ್ಲಾ ಆರಾಮ ಐತಿಲ್ರೀ ಅಕ್ಕಾ ಎಂದು ಕೇಳತೊಡಗಿದೆ. ನಮ್ಮ ಕಡೆ ಆರಾಮ ಕೇಳಿದವರ ಮುಂದೆ ಯಾರು ದೂರು ಹೇಳುತ್ತಾರೆ? ಹೂಂನವಾ, ಅಗದಿ ಆರಾಮ ಎನ್ನುತ್ತಿದ್ದರು; ನಿಂದು ಚಾ ಆತೇನು ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ನಾನು ಐದು ಒತ್ತುತ್ತಿದ್ದೆ. ಫೋನ್ ಉಳಿದರೆ ಸಾಕು ಎಂದುಕೊಂಡೆ — ಫೋನೋ, ನನ್ನ ಪಗಾರವೋ... ಉತ್ತರ ಆಗಲೂ ಗೊತ್ತಿತ್ತು.

ನೀವು ಮಾತ್ರ ಆರಾಮ ಎಂದ ಮೇಲೂ ಫೋನ್ ಇಡಲಿಲ್ಲ.

“ಒಲಿ ಆರಿಸಿದ ಮ್ಯಾಲೂ ಸಣ್ಣಗ ವಾಸನಿ ಬರ್ತೈತಿ ತಂಗಿ. ಯಾರನ್ನರ ಒಮ್ಮಿ ಕಳಸ್ತಿ ಏನು?”

ಕಳಸ್ತೀನ್ರಿ ಅಕ್ಕಾ ಎಂದೆ. ದೂರು ದಾಖಲಿಸಿದರೆ ಅಂಕ ಇಳಿಯುತ್ತಿತ್ತು. ಮಿಸ್ತ್ರಿಗೆ ಬಾಯಿಮಾತಿನಲ್ಲಿ ಹೇಳಿದರಾಯಿತು ಅಂದುಕೊಂಡೆ. ಹೇಳಲಿಲ್ಲ — ಮರೆತೆ. ಮರೆಯುವಷ್ಟು ಹಗುರವಾಗಿ ಕಂಡಿತ್ತು ನಿಮ್ಮ ಮಾತು.

ವಾರ ತುಂಬುವುದರೊಳಗೆ ನಿಮ್ಮ ಅಡುಗೆಮನೆಗೆ ಬೆಂಕಿ ಬಿತ್ತು. ಬಲಗೈ, ಕುತ್ತಿಗೆ... ವಿಚಾರಣೆಗೆ ಕಂಪನಿಯವರು ನಿಮ್ಮ ಮನೆಗೆ ಬಂದಾಗ ಏಜೆನ್ಸಿಯ ಪರವಾಗಿ ನಾನೂ ಜೊತೆಗಿದ್ದೆ. ಏನೂ ತೊಂದರೆ ಇಲ್ಲವೆಂದು ನೀವೇ ಫೋನಿನಲ್ಲಿ ಐದು ಅಂಕ ಕೊಟ್ಟಿದ್ದೀರಲ್ಲ ಎಂದರು ಅವರು. ಇಲ್ರೀ, ಆ ಹುಡುಗಿಗೆ ಹೇಳೇನ್ರಿ ಎಂದಿರಿ ನೀವು, ಮಲಗಿದಲ್ಲಿಂದಲೇ. ಬಾಜೂ ಕೂತಿದ್ದ ನಿಮ್ಮ ಅತ್ತೆ ತಿರುಗಿದರು.

“ಮನಿ ಸುಟ್ಟದ್ದ ಸಾಲ್ಲಿಲ್ಲೇನು, ಸುಳ್ಳ ಬ್ಯಾರೆ ಹೇಳ್ತಿ?”

ನೀವು ನನ್ನ ಮುಖ ಕಂಡವರಲ್ಲ, ದನಿ ಮಾತ್ರ ಬಲ್ಲಿರಿ. ಅದಕ್ಕೇ ನಾನು ಬಾಯಿ ತೆರೆಯಲಿಲ್ಲ. ನಿಮ್ಮ ಮನೆಯವರು ಚಾ ಕೊಟ್ಟಾಗ ಸಾಕ್ರಿ ಎನ್ನಲೂ ಅಂಜಿ, ಕಪ್ಪು ಪೂರಾ ಕುಡಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಪರಿಹಾರ ನಿಮಗೆ ಸಿಗಲಿಲ್ಲ. ಅದು ಹಾಗಿರಲಿ, ಈಗಲೂ ನೀವು ಏನೇ ಹೇಳಿದರೂ, ಗ್ಯಾಸಿನವರಿಗೆ ಹೇಳೇನಿ ಅಂದಿದ್ಯಲ್ಲ, ಇದೂ ಹಂಗ ಏನು ಎಂದು ಮನೆಯಲ್ಲಿ ನಗುತ್ತಾರಂತೆ. ಸಿಲಿಂಡರ್ ಮುಟ್ಟಿಸುವವನು ಹೋದ ತಿಂಗಳು ಹೇಳಿದ. ಅವನಿಗೆ ಅದು ತಮಾಷೆ. ನಾನು ಅಂದು ರಾತ್ರಿಯೇ ಕಾಗದ ತೆಗೆದು ಬರೆಯಲು ಕೂತೆ.

ನಡೆದದ್ದನ್ನೆಲ್ಲ ಕಂಪನಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಕೆಲಸ ಹೋಯಿತು, ಹೋಗಲಿ. ಬರುವ ಸೋಮವಾರ ಯರಗುಪ್ಪಿಗೆ ಬರುತ್ತೇನೆ. ನಿಮ್ಮ ಅತ್ತೆ, ನಿಮ್ಮ ಯಜಮಾನರು ಇಬ್ಬರೂ ಮನೆಯಲ್ಲಿರುವ ಹೊತ್ತು ನೋಡಿಯೇ ಬರುತ್ತೇನೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಬಾಗಿಲಲ್ಲಿ ನಿಂತು ಅಕ್ಕಾ ಎಂದು ಕರೆಯುತ್ತೇನೆ — ಯಾರೆಂದು ನಿಮಗೆ ತಿಳಿಯುತ್ತದೆ. ಆಮೇಲೆ ಎಲ್ಲರೆದುರು ನನ್ನ ಕಡೆ ಬೆರಳು ಮಾಡಿ ಈಕಿಗೇ ಹೇಳಿದ್ದೆ ಎನ್ನಿರಿ. ನಾನು ಹೌದ್ರಿ ಎನ್ನುತ್ತೇನೆ.