ನೋರೀನ್ ಅಳಿಸಿದ ರಕ್ತ

ನೋರೀನ್ ಹಿಂಡ್ಲ್‌ಳದು ಬಹಳ ನಯವಾದ ಕೈ. ಇಂಗ್ಲೆಂಡಿನ ಓಲ್ಡಂ ಪೇಟೆಯ ಫೋಟೊ ಸ್ಟುಡಿಯೊದಲ್ಲಿ ಮದುಮಗಳ ಗದ್ದದ ಮೊಡವೆ, ಮೇಯರ್ ಸಾಹೇಬರ ಮೂಗಿನ ಮೇಲೆದ್ದ ನರ, ಶಾಲೆ ಮಕ್ಕಳ ಕೆನ್ನೆಯ ತರಚುಗಾಯ ಇವನ್ನೆಲ್ಲ ಪ್ರಿಂಟಿನ ಮೇಲೆ ಚೂರಿಯ ಮೊನೆಯಿಂದ ಹಗುರವಾಗಿ ಕೆರೆದು, ಕುಂಚದಿಂದ ಬಣ್ಣ ತುಂಬಿ, ಹೇಳಹೆಸರಿಲ್ಲದಂತೆ ಮಾಡುವುದು ಅವಳ ಕೆಲಸ. ಅವಳ ಅಮ್ಮ, ಅಕ್ಕ ಇಬ್ಬರೂ ಹತ್ತಿ ಗಿರಣಿಯ ಸದ್ದಿಗೆ ಕಿವಿ ಕಳೆದುಕೊಂಡವರು. "ನಮ್ ನೋರೀನು ನೆರಳಲ್ಲಿ ಕೂತು ಉಣ್ಣೋಳು" ಎಂದು ಅಮ್ಮ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಎಪ್ಪತ್ತೇಳನೆಯ ಇಸವಿಯ ಆರಂಭ. ಗಿರಣಿ ಹಿಂದಿನ ಒಂದು ಪಬ್ಬಿನ ಡಾರ್ಟ್ಸ್ ಎಸೆಯುವ ತಂಡಕ್ಕೆ ಪಂದ್ಯದಲ್ಲಿ ಕಪ್ ಬಂದಿತ್ತು. ಅವರ ಫೋಟೊ ತೆಗೆಯಲು ನೋರೀನ್ ಹೋದಳು. ಮೀಸೆಯ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಿರುವಾಗ ಹಿಂದಿನ ಕೋಣೆಯಿಂದ ತಗಡಿನ ಮಾಡಿನ ಮೇಲೆ ಕಲ್ಲು ಸುರಿದಂಥ ಶಬ್ದ.

"ಏನದು?"

"ಪಂಕ್ ಮ್ಯೂಸಿಕ್ಕು ಕಣಮ್ಮ" ಎಂದ ಪಬ್ಬಿನವನು. "ಗುರುವಾರ ಗಿರಾಕಿ ಇರಲ್ಲ ಅಂತ ಆ ಹುಡುಗರಿಗೆ ಕೋಣೆ ಬಿಟ್ಟಿದ್ದೀನಿ. ಹಾಡು ಅಂತ ಅವರು ಅಂತಾರೆ. ನಮ್ ನಾಯಿ ಒಪ್ಪಲ್ಲ."

ನೋರೀನ್ ಬಾಗಿಲು ಸರಿಸಿ ನೋಡಿದಳು. ಹರಿದ ಅಂಗಿ, ಅಂಗಿಗೆಲ್ಲ ಸೇಫ್ಟಿ ಪಿನ್ನು, ಸಕ್ಕರೆ ನೀರು ಹಚ್ಚಿ ಮುಳ್ಳಿನಂತೆ ನಿಲ್ಲಿಸಿದ ಕೂದಲು. ನಡುವೆ ಒಬ್ಬ ಬಡಕಲು ಹುಡುಗ ಮೈಕು ಕಚ್ಚಿಕೊಂಡಂತೆ ಹಿಡಿದು ಕೂಗುತ್ತಿದ್ದ. ಅವನಿಗೆ ಹಾಡಲು ಬರುತ್ತಿರಲಿಲ್ಲ. ಆದರೆ ಅವಳಿಗೆ ಅವನ ಮೇಲಿಂದ ಕಣ್ಣು ಕೀಳಲಾಗಲಿಲ್ಲ. ಸ್ಟುಡಿಯೊದ ಕುರ್ಚಿಯಲ್ಲಿ ಕೂತು ಉಸಿರು ಹಿಡಿಯುವ ಮುಖಗಳನ್ನು ನೋಡಿ ನೋಡಿ ಸಾಕಾಗಿದ್ದವಳು ಅವಳು. ಇಲ್ಲಿ ಯಾರೂ ಚೆನ್ನಾಗಿ ಕಾಣಬೇಕೆಂದುಕೊಂಡಿರಲಿಲ್ಲ.

ಡಾರ್ಟ್ಸಿನವರಿಗೆಂದು ತಂದ ಫಿಲಂ ಅಲ್ಲೇ ಮುಗಿಯಿತು.

ಹುಡುಗನ ಹೆಸರು ಡೆರಿಕ್ ಆಶ್‌ವರ್ತ್. ಹಗಲು ಟಯರ್ ಅಂಗಡಿಯಲ್ಲಿ ಕೆಲಸ. ಬ್ಯಾಂಡಿಗೆ ಮೋರಿ ನೀರು ಎಂದು ಅರ್ಥ ಬರುವ ಹೆಸರಿಟ್ಟಿದ್ದರು. "ಏನಕ್ಕಾ, ಕುರಿ ತುಪ್ಪಟದ ಮೇಲೆ ಪಾಪು ಮಲಗಿಸಿ ಫೋಟೊ ತೆಗೀತಾರಲ್ಲ, ಅದು ನೀನೇ ಅಲ್ವಾ?" ಎಂದು ಕೇಳಿದ. "ನನ್ನೂ ಹಂಗೇ ಮಲಗಿಸ್ತೀಯಾ?"

"ಮೊದಲು ಮುಖ ತೊಳ್ಕೊಂಡು ಬಾ" ಎಂದಳು ನೋರೀನ್.

ಅಲ್ಲಿಂದ ಗುರುವಾರ ತಪ್ಪಲಿಲ್ಲ. ಕೇಳಲು ಬಂದ ಹುಡುಗರು ಪ್ರೀತಿಯಿಂದಲೇ ಬ್ಯಾಂಡಿನವರ ಮೇಲೆ ಉಗುಳುತ್ತಿದ್ದರು. ಅವಳು ಲೆನ್ಸಿಗೆ ಕರ್ಚೀಫು ಹಿಡಿದು ನಿಲ್ಲುವುದನ್ನು ಕಲಿತಳು. ಒಂದು ಸಂಜೆ ಯಾರೋ ಎಳೆದ ಮೈಕು ಡೆರಿಕನ ಹಣೆಗೆ ಬಡಿದು ರಕ್ತ ಕೆನ್ನೆಯಿಡೀ ಇಳಿಯಿತು. ಅವನು ಹಾಡು ನಿಲ್ಲಿಸಲಿಲ್ಲ, ನಕ್ಕ. ನೋರೀನ್ ಕ್ಲಿಕ್ ಮಾಡಿದಳು. ಗೆಳತಿಯೊಬ್ಬಳ ಮಾತಿಗೆ ಆ ಚಿತ್ರವನ್ನು ಲಂಡನ್ನಿನ ಒಂದು ಸಂಗೀತ ಪತ್ರಿಕೆಗೆ ಕಳಿಸಿದಳು. ಅವರು ಇಡೀ ಪುಟಕ್ಕೆ ಹಾಕಿದರು.

ಮುಂದಿನ ವಾರ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿಂದಲೋ ಬಂದವರು. ಹಾಡು ಮುಗಿಯುತ್ತ ಬಂತು, ಇನ್ನೂ ಏನೂ ಆಗಲಿಲ್ಲವಲ್ಲ ಎಂದು ಗೊಣಗಾಟ. ಡೆರಿಕ್ ಒಮ್ಮೆ ಕ್ಯಾಮೆರಾದ ಕಡೆ ನೋಡಿ, ಒಡೆದ ಗ್ಲಾಸಿನ ಚೂರನ್ನೆತ್ತಿ ಕೆನ್ನೆಗೆ ಎಳೆದುಕೊಂಡ. ಕೋಣೆ ಕುಣಿಯಿತು. ನೋರೀನಳ ಬೆರಳು ಬಟನ್ ಒತ್ತಲಿಲ್ಲ.

"ಯಾಕೋ ಹಂಗೆ ಮಾಡ್ದೆ?" ಎಂದು ಆಮೇಲೆ ಟವಲು ಒತ್ತಿ ಹಿಡಿದು ಕೇಳಿದಳು.

"ಸಿಕ್ತಾ ಫೋಟೊ?"

ಇನ್ನೊಂದ್ಸಲ ಹಿಂಗ್ ಮಾಡ್ಬೇಡ ಎಂದು ಅವನಿಗೆ ಹೇಳಿ, ಅವಳು ಮುಂದಿನ ಗುರುವಾರ ಕ್ಯಾಮೆರಾವನ್ನು ಮನೆಯಲ್ಲೇ ಬಿಟ್ಟು ಬಂದಳು. ಅಷ್ಟರಲ್ಲಿ ಮ್ಯಾಂಚೆಸ್ಟರಿನಿಂದ, ಲೀಡ್ಸಿನಿಂದ ಬೇರೆ ಕ್ಯಾಮೆರಾಗಳು ಬಂದಿದ್ದವು. ಗ್ಲಾಸಿನ ಚೂರು ಅವಳಿಗಾಗಿ ಕಾಯಲಿಲ್ಲ. ಬೇಸಿಗೆ ಹೊತ್ತಿಗೆ ಬ್ಯಾಂಡು ಲಂಡನ್ ಸೇರಿತು.

ಶರತ್ಕಾಲದ ಒಂದು ಮಧ್ಯಾಹ್ನ ಸ್ಟುಡಿಯೊಕ್ಕೆ ತಲೆಗೆ ಸ್ಕಾರ್ಫ್ ಕಟ್ಟಿದ ಹೆಂಗಸು ಬಂದಳು. ಚೀಲದಿಂದ ಮಡಿಸಿದ ಕಾಗದ ತೆಗೆದು ಕೌಂಟರಿನ ಮೇಲೆ ಬಿಡಿಸಿದಳು. ಪತ್ರಿಕೆಯ ಆ ಪುಟ. "ಇವ್ನು ನನ್ ಮಗ" ಎಂದಳು. "ಅವ್ರಪ್ಪ ಎದೆ ಕೆಟ್ಟು ಹಾಸಿಗೆ ಹಿಡಿದಿದ್ದಾರೆ. ಹುಡುಗನ್ನ ನೋಡ್ಬೇಕು ಅಂತಾರೆ, ಇವ್ನು ಬರ್ತಾ ಇಲ್ಲ. ದೊಡ್ಡವನಾದ ಮೇಲೆ ತೆಗೆದಿದ್ದು ಇದೊಂದೇ ಫೋಟೊ. ಈ ರಕ್ತ ಒರೆಸಿ ಕೊಡೋಕಾಗುತ್ತಾ, ಕಣಮ್ಮ? ನೀವು ಕಲೆ ಎಲ್ಲ ತೆಗೀತೀರಂತೆ."

ನೋರೀನ್ ಎರಡು ದಿನ ಬಿಟ್ಟು ಬರಲು ಹೇಳಿದಳು. ಪತ್ರಿಕೆಯ ಪುಟದ ಮೇಲೆ ಏನೂ ಮಾಡಲಾಗದು. ತನ್ನದೇ ನೆಗೆಟಿವ್ ತೆಗೆದು ದೊಡ್ಡದಾಗಿ ಪ್ರಿಂಟ್ ಹಾಕಿ ಕೆರೆಯಲು ಕೂತಳು. ಹಣೆ ಬಂತು, ಹುಬ್ಬು ಬಂತು. ಕೆನ್ನೆಗೆ ಬಂದಾಗ ಕೈ ನಿಂತಿತು. ಅದರಡಿ ಏನಿತ್ತೋ ಅವಳಿಗೆ ಗೊತ್ತಿರಲಿಲ್ಲ. ಅಷ್ಟು ಗುರುವಾರ ನೋಡಿದ್ದರೂ ಅವನ ಬರಿಯ ಕೆನ್ನೆಯನ್ನು ಗಮನವಿಟ್ಟು ನೋಡಿರಲಿಲ್ಲ.

ಮಿಸೆಸ್ ಆಶ್‌ವರ್ತ್ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡಳು.

"ಇಲ್ಲಿ ಮಚ್ಚೆಗಿಚ್ಚೆ ಏನಾದ್ರೂ ಇತ್ತಾ?"

"ಕಿವಿ ಹತ್ರ ಸಣ್ಣ ಗುಳಿ. ಸೀತಾಳೆ ಸಿಡುಬು ಬಂದಾಗ ಕೆರ್ಕೊಂಡಿದ್ದ. ನಕ್ರೆ ಇಲ್ಲಿ ಮಡಿಕೆ ಬೀಳ್ತಿತ್ತು. ಇಲ್ಲಲ್ಲ, ಇನ್ನೂ ಕೆಳಗೆ."

ತಾಯಿ ಬೆರಳು ತೋರಿಸಿದಲ್ಲಿ ನೋರೀನ್ ಕುಂಚ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮಿಸೆಸ್ ಆಶ್‌ವರ್ತ್ ಕೇಳಿದಳು: "ಇದು ನಾನು ತಂದ ಕಾಗದ ಅಲ್ಲ. ಇದನ್ನ ತೆಗೆದಿದ್ದು ನೀನೇನಾ?"

"ಹೌದಮ್ಮ."

"ಅಂದ್ರೆ ಅಲ್ಲಿದ್ದೆ. ಹಿಂಗೆಲ್ಲ ಕೊಯ್ಕೋಬೇಡ ಅಂತ ಒಂದ್ ಮಾತು ಹೇಳ್ಬಾರದಿತ್ತಾ ಅವ್ನಿಗೆ?"

"ಹೇಳ್ದೆ. ಕೇಳಲಿಲ್ಲ."

"ನನ್ ಮಾತಾದ್ರೂ ಕೇಳ್ತಿದ್ನಾ" ಎಂದು ತಾಯಿ ಸ್ಕಾರ್ಫಿನ ಗಂಟು ಸರಿಮಾಡಿಕೊಂಡಳು. ಡೆರಿಕನ ಅಪ್ಪ ರಕ್ತ ಅಳಿಸಿದ ಆ ಫೋಟೊವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಎರಡು ವಾರ ಬದುಕಿದ. ಮಗ ಊರೂರು ತಿರುಗುತ್ತಿದ್ದ. ಸುದ್ದಿ ಎಲ್ಲಿಗೆ ಕಳಿಸುವುದೆಂದು ಯಾರಿಗೂ ತಿಳಿಯಲಿಲ್ಲ.

ಬ್ಯಾಂಡು ಮ್ಯಾಂಚೆಸ್ಟರಿಗೆ ಬರುತ್ತದೆಂದು ಗೋಡೆಯ ಮೇಲೆ ಕಾಗದ ಅಂಟಿಸಿದಾಗ ನೋರೀನಳೇ ಹೋದಳು. ಸಭಾಂಗಣದ ಹಿಂಬಾಗಿಲಲ್ಲಿ ಡೆರಿಕ್ ಆಲೂಗಡ್ಡೆ ಚಿಪ್ಸು ತಿನ್ನುತ್ತ ನಿಂತಿದ್ದ. ಕೆನ್ನೆಯ ತುಂಬ ಗೆರೆ. ಅಪ್ಪ ಹೋದದ್ದನ್ನು ಹೇಳಿದಳು. ಅವನು ಕೈಯಲ್ಲಿದ್ದ ಪೊಟ್ಟಣವನ್ನು ಮಡಚತೊಡಗಿದ, ಮಡಚುತ್ತಲೇ ಇದ್ದ.

"ಇವತ್ತು ಬೇಡ ಕಣೋ" ಎಂದಳು. "ಮನೆಗ್ ಹೋಗೋಣ ಬಾ. ಬಸ್ಸಿದೆ."

"ಒಳಗೆ ನೋಡಿದ್ಯಾ ಎಷ್ಟು ಜನ ಅಂತ? ಅವ್ರು ಹಾಡು ಕೇಳೋಕೆ ಬಂದಿದ್ದಾರಾ ಅಕ್ಕಾ? ಬರೀ ಹಾಡಿದ್ರೆ ಬಾಟ್ಲಿ ಬೀಳುತ್ತೆ."

"ಬೀಳ್ಲಿ."

ಅವನು ಅವಳ ಭುಜ ತಟ್ಟಿ ಒಳಗೆ ಹೋದ. ಜನರ ತಳ್ಳಾಟದಲ್ಲಿ ಅವಳಿಗೆ ವೇದಿಕೆಯ ಹತ್ತಿರವೂ ಸುಳಿಯಲಾಗಲಿಲ್ಲ. ಫ್ಲಾಶ್‌ಗಳು ಮಿಂಚಿದವು, ಒಂದರ ಮೇಲೊಂದು. ಆ ದಿನ ಗಾಜು ಆಳಕ್ಕೆ ಇಳಿದು ನರ ಕಡಿಯಿತು. ಬಾಯಿಯ ಎಡಭಾಗ ಜೋತುಬಿದ್ದದ್ದು ಮತ್ತೆ ಏಳಲಿಲ್ಲ. ಮಾತೇ ತೊದಲುವವನಿಗೆ ಹಾಡೆಲ್ಲಿ. ಬ್ಯಾಂಡಿನವರು ಬೇರೊಬ್ಬನನ್ನು ಹುಡುಕಿಕೊಂಡರು. ಡೆರಿಕ್ ಓಲ್ಡಂಗೆ ಬಂದು ಅದೇ ಟಯರ್ ಅಂಗಡಿ ಸೇರಿದ.

ಕೆಲವು ವರ್ಷದಲ್ಲಿ ಆ ಹಳೆಯ ಫೋಟೊ ಟೀ ಶರ್ಟುಗಳ ಮೇಲೆ ಬಂತು. ರಕ್ತದ ಜಾಗಕ್ಕೆ ಕೆಂಪು ಬಣ್ಣ ಬಳಿದಿದ್ದರು. ನೋರೀನ್ ಪತ್ರಿಕೆಯವರಿಗೆ ಫೋನು ಮಾಡಿದಳು. ಪತ್ರಿಕೆ ಕೈ ಬದಲಾಗಿತ್ತು. ಹೊಸಬರು ಚಿತ್ರದ ಹಕ್ಕು ತಮ್ಮದೆಂದರು, ನಯವಾಗಿಯೇ. ವಕೀಲನೂ ಕೈಚೆಲ್ಲಿಬಿಟ್ಟ.

ಊಟದ ಬಿಡುವಿನಲ್ಲಿ ಟಯರ್ ಅಂಗಡಿಗೆ ಹೋಗಿ ಹೇಳಿದಳು. ಡೆರಿಕ್ ಕಾರಿನ ಕೆಳಗಿದ್ದ, ಬೂಟು ಮಾತ್ರ ಕಾಣುತ್ತಿತ್ತು.

"ನಿಲ್ಸೋಕಾಗಲ್ಲಂತೆ ಕಣೋ."

"ಬಿಡಕ್ಕಾ" ಎಂದ ತೊದಲುತ್ತ. "ಆ ಜಾಕು ಸ್ವಲ್ಪ ಈ ಕಡೆ ತಳ್ಳು."

ಅವಳು ಕಾಲಿನಿಂದ ಜಾಕು ತಳ್ಳಿದಳು. ಇನ್ನೇನಾದರೂ ಕೇಳುತ್ತಾನೇನೋ ಎಂದು ನಿಂತಳು. ಕಾರಿನ ಕೆಳಗೆ ಮತ್ತೆ ಸ್ಪ್ಯಾನರಿನ ಸದ್ದು ಶುರುವಾಯಿತು. ಸ್ಟುಡಿಯೊದಲ್ಲಿ ಮದುಮಗಳೊಬ್ಬಳು ಬಂದು ಕೂತಿರುತ್ತಾಳೆಂದು ನೆನಪಾಗಿ, ಕೋಟಿನ ಗುಂಡಿ ಹಾಕಿಕೊಂಡು ಹೊರಟಳು.