ಕಾಲುವೆ ಲೆಕ್ಕದ ವಯಸ್ಸು

ದೇವಾಪುರದಿಂದ ಬೆಳಿಗ್ಗೆ ಏಳಕ್ಕೇ ಹೊರಟೆವು. ಮೂವರಿದ್ದೆವು: ನಿವೃತ್ತ ಮಾಸ್ತರನಾದ ನಾನು, ಕಿರಾಣಿ ಅಂಗಡಿಯ ಶರಣಪ್ಪ, ಮತ್ತು ಹೋದ ವರ್ಷದವರೆಗೂ ಕೂಲಿಗೆ ಭತ್ತದ ನಾಟಿ ಮಾಡುತ್ತಿದ್ದ ಭೀಮವ್ವ. ಊರ ಹಿರಿಯರ ಔಷಧಿಗಾಗಿ ಓಡಾಡುವ ಸ್ವಯಂಸೇವಕರೆಂದು ನಮ್ಮನ್ನು ನಾವು ಕರೆದುಕೊಳ್ಳುತ್ತೇವೆ. ಊರವರು 'ಅರ್ಜಿ ಮಂದಿ' ಎಂದು ನಗುತ್ತಾರೆ. ಅಂದು ಯಾದಗಿರಿಯಲ್ಲಿ ಜಿಲ್ಲೆಯ ಸಭೆಯಿತ್ತು, ಶಾಸಕರೆಲ್ಲ ಒಂದೇ ಕಡೆ ಸಿಗುತ್ತಿದ್ದರು.

ನಾವು ಕೇಳುತ್ತಿದ್ದುದು ಇಷ್ಟೇ. ಅರವತ್ತು ದಾಟಿದವರಿಗೆ ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತಿಂಗಳಿಗಾಗುವಷ್ಟು ಊರಲ್ಲೇ ಕೊಡಬೇಕು, ವಾರಕ್ಕೊಮ್ಮೆ ವೈದ್ಯರು ಬರಬೇಕು. ಪ್ರತಿ ಸಲ ಪೇಟೆಗೆ ಹೋಗಲಾಗದೆ ಗುಳಿಗೆ ಬಿಟ್ಟ ಭೀಮವ್ವ ಗದ್ದೆಯಲ್ಲೇ ಕುಸಿದು ಬಿದ್ದಿದ್ದಳು. ಆಕೆಯ ಎಡಗೈ ಇನ್ನೂ ಪೂರ್ತಿ ಏಳುವುದಿಲ್ಲ.

ಸುರಪುರದಲ್ಲಿ ಶಹಾಪುರದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಬಿಟ್ಟಿ. ಭೀಮವ್ವ ಕಿಟಕಿ ಪಕ್ಕ ಮಹಾರಾಣಿಯಂತೆ ಕೂತಳು, ರೊಕ್ಕ ಕೊಟ್ಟ ನಾವಿಬ್ಬರೂ ದಾರಿಯುದ್ದಕ್ಕೂ ನಿಂತೆವು. ಆಕೆಯ ಆಧಾರ್ ಕಾರ್ಡು ನೋಡಿದ ಕಂಡಕ್ಟರು ಜೋರಾಗಿ ನಕ್ಕ.

"ಆಯಿ, ಈ ಕಾರ್ಡ ಪ್ರಕಾರ ನೀ ನಮ್ಮವ್ವಗಿಂತ ಸಣ್ಣಾಕಿ ನೋಡು!"

ಕಾರ್ಡು ಇಸಿದುಕೊಂಡು ನೋಡಿದೆ. ಐವತ್ತೆರಡು! ಅರ್ಜಿಗೆಂದು ನಾನು ಬರೆದ ಹಿರಿಯರ ಪಟ್ಟಿಯಲ್ಲಿ ಆಕೆಗೆ ಅರವತ್ತೇಳು. ನಮ್ಮ ಕಡೆ ಹಿರಿಯರನ್ನು ವಯಸ್ಸೆಷ್ಟು ಎಂದು ಕೇಳಿದರೆ ಉತ್ತರ ಬರುವುದಿಲ್ಲ. 'ಕಾಲುವೆ ಅಗೆಯುವಾಗ ಎಷ್ಟು ಮಕ್ಕಳಿದ್ದರು?' ಎಂದು ಕೇಳಬೇಕು; ಊರಿಗೆ ಆ ಕಾಲುವೆ ತೋಡಿ ಈಗ ನಲವತ್ತನಾಲ್ಕು ವರ್ಷ. ನಾನು ಹಾಗೇ ಕೇಳಿ, ಲೆಕ್ಕ ಹಾಕಿ, ಪಟ್ಟಿ ಬರೆದಿದ್ದೆ. ಕಾರ್ಡಿನ ಪ್ರತಿಗಳನ್ನು ಅರ್ಜಿಯ ಹಿಂದೆ ಲಗತ್ತಿಸಿದ್ದೆನೇ ಹೊರತು ಒಂದನ್ನೂ ಓದಿರಲಿಲ್ಲ.

ಶಹಾಪುರದಲ್ಲಿ ಯಾದಗಿರಿ ಬಸ್ಸಿಗೆ ಮುಕ್ಕಾಲು ತಾಸು ಕಾಯಬೇಕಿತ್ತು. ಚುರುಮುರಿ ಸುಸಲಾ, ಮಿರ್ಚಿ ತಿನ್ನುತ್ತ ಪ್ರತಿಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಹನ್ನೊಂದು ಮಂದಿ ಕಾರ್ಡಿನಲ್ಲಿ ಅರವತ್ತರೊಳಗೇ ಇದ್ದರು.

"ಹನ್ನೊಂದೂ ಹೆಸರಿಗೆ ಗೀಟು ಹೊಡೀರಿ ಮಾಸ್ತರ್ರ, ಇಲ್ಲಾಂದ್ರ ಎಲ್ಲಾ ಸುಳ್ಳಂತಾರ," ಎಂದ ಶರಣಪ್ಪ.

"ನನ್ನ ಹೆಸರು ಮೊದಲ ಹೊಡೀರಿ. ಉಳಿದವ್ರಿಗರ ಸಿಗಲಿ," ಎಂದಳು ಭೀಮವ್ವ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಶಾಲೆಗೆ ಬಂದ ಮಕ್ಕಳಿಗೆಲ್ಲ ಕಣ್ಣಳತೆಯ ಮೇಲೆ ವರ್ಷ ಹಾಕಿ, ಹುಟ್ಟಿದ ದಿನ ಜೂನ್ ಒಂದು ಎಂದು ಬರೆದ ಕೈ ಇದೇ. ಈ ಕಾರ್ಡು ಬರೆದವನನ್ನು ಯಾವ ಬಾಯಿಂದ ಬೈಯಲಿ? "ಒಂದು ಹೆಸರೂ ಹೊಡಿಯಂಗಿಲ್ಲ," ಎಂದು ಪೆನ್ನು ಜೇಬಿಗೆ ಸೇರಿಸಿದೆ.

ಭೀಮಾ ನದಿಯ ಸೇತುವೆ ದಾಟುವಾಗ ಯಾದಗಿರಿ ಬಸ್ಸಿನ ತಗಡು ಮುಟ್ಟಲಾಗದಷ್ಟು ಕಾದಿತ್ತು.

ಸಭಾಭವನದ ಬಾಗಿಲಲ್ಲಿ ಹನ್ನೊಂದರಿಂದ ಎರಡರವರೆಗೆ ನಿಂತೆವು. ಶಾಸಕರೊಬ್ಬರ ಸಹಾಯಕ ಅರ್ಜಿ ತಿರುವಿ ಹಾಕಿ, "ವಯಸ್ಸು ಕಾರ್ಡಿಗೆ ತಾಳೆ ಆಗವಲ್ದು. ಕಾರ್ಡ ತಿದ್ದಿಸಿಕೊಂಡು ಬರ್ರಿ," ಎಂದು ವಾಪಸ್ಸು ಕೊಟ್ಟ. ಅಷ್ಟರಲ್ಲಿ ಊಟಕ್ಕೆಂದು ಶಾಸಕರೇ ಹೊರಬಂದರು. ಭೀಮವ್ವ ಹೋಗಿ ದಾರಿಯ ನಡುವೆ ನಿಂತುಬಿಟ್ಟಳು.

"ಏನವ್ವಾ, ಏನಾಗ್ಯಾದ? ವಯಸ್ಸೆಷ್ಟು ನಿನಗ?"

"ಕಾರ್ಡಿನ ಲೆಕ್ಕ ಹೇಳ್ಲ್ಯೋ, ಕಾಲುವಿ ಲೆಕ್ಕ ಹೇಳ್ಲ್ಯೋ ಸಾಹೇಬ್ರ? ಕಾಲುವಿ ಕಡಿಯಾಗ ಮಣ್ಣಿನ ಬುಟ್ಟಿ ಹೊತ್ತಾಕಿ ನಾ. ದಂಡಿ ಮ್ಯಾಲ ಎರಡು ಮಕ್ಕಳು, ಹೊಟ್ಯಾಗ ಒಂದು. ಕಾರ್ಡ ನಂಬಿದ್ರ ಆಗ ನಾ ಎಂಟ ವರ್ಷದಾಕಿ! ಎಂಟ ವರ್ಷದಾಕಿ ಹಡೀತಾಳೇನ್ರಿ?"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆಕೆ ನಗಲಿಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ಅವರಿಗೆ ತೋರಿಸಿದಳು.

ಶಾಸಕರ ನಗು ನಿಂತಿತು. "ನಮ್ಮವ್ವನ ಕಾರ್ಡೂ ಹಂಗೇ ಅದ," ಎಂದು ಮೆಲ್ಲಗೆ ಹೇಳಿ ಪೆನ್ನು ಕೇಳಿದರು. ಕಾರ್ಡಿನ ವಯಸ್ಸೊಂದನ್ನೇ ನೆಚ್ಚದೆ ವೈದ್ಯರೇ ನೋಡಿ ತೀರ್ಮಾನಿಸಲಿ, ಗುಳಿಗೆ ಊರಲ್ಲೇ ಸಿಗುವಂತಾಗಲಿ ಎಂದು ಅರ್ಜಿಯ ಮೇಲೆ ಬರೆದು ಸಹಿ ಹಾಕಿದರು. "ಇದು ಬರೇ ಶಿಫಾರಸು, ಮಾಸ್ತರ್ರ. ನಾನೂ ಸದನದಾಗ ಎತ್ತತೀನಿ, ನೀವೂ ಬೆನ್ನು ಬಿಡಬ್ಯಾಡ್ರಿ." ಬೆನ್ನು ಬಿಡುವ ಮಂದಿಯೇ ನಾವು? ಊಟದ ಸಾಲಿನಲ್ಲಿ ನಿಂತಿದ್ದ ಇನ್ನಿಬ್ಬರು ಶಾಸಕರ ಸಹಿಯನ್ನೂ ಪಡೆದ ಮೇಲೆಯೇ ಬೇವಿನ ನೆರಳಲ್ಲಿ ಕೂತು ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದೆವು.

ಅರ್ಜಿಯನ್ನು ಆರೋಗ್ಯ ಕಚೇರಿಗೆ ಒಯ್ದಾಗ ನಾಲ್ಕು ದಾಟಿತ್ತು. ಗುಮಾಸ್ತ ಮುದ್ರೆ ಒತ್ತಿ ಸ್ವೀಕೃತಿ ಚೀಟಿ ಕೊಟ್ಟ.

"ತಿಂಗಳು ಬಿಟ್ಟು ಬಂದು ಕೇಳ್ರಿ."

"ನನ್ನ ಗುಳಿಗಿ ಎಂಟ ದಿನಕ್ಕಷ್ಟೇ ಅದಾವ, ತಮ್ಮಾ. ಎಂಟನೇ ದಿನ ಬರ್ತೀನಿ," ಎಂದಳು ಭೀಮವ್ವ. "ನಿಂದ್ರಾಕ ಆಗಂಗಿಲ್ಲ, ಒಂದು ಕುರ್ಚಿ ಹಾಕಿಸಿ ಇಡು."

ಆಕೆ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ನಾನು ತಿರುಗಿ ನೋಡಿದೆ. ಗುಮಾಸ್ತ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುತ್ತಿದ್ದ.